ತೆರೆಯದ ಸ್ಲೈಡುಗಳು

ಹಳೆಯ ಫೈಲೊಂದು ತೆರೆಯಲಿಲ್ಲವೆಂದರೆ ಅದು ಸತ್ತುಹೋಯಿತೆಂದು ತಿಳಿದು ಕೈ ತೊಳೆದುಕೊಳ್ಳುವ ರೂಢಿಯೊಂದು ನಮ್ಮಲ್ಲಿ ಬೇರೂರಿದೆ. ಪ್ರಕೃತ ಲೇಖನವು ಆ ರೂಢಿಯನ್ನು ವಿರೋಧಿಸುವುದಕ್ಕಾಗಿಯೇ ಬರೆದುದು. ಬಹುತರ ಸಂದರ್ಭಗಳಲ್ಲಿ ಫೈಲು ಸತ್ತಿರುವುದಿಲ್ಲ. ಅದನ್ನು ಓದುವ ಬೀಗದ ಕೈ ಮಾತ್ರ ಕಳೆದಿರುತ್ತದೆ. ಬೀಗದ ಕೈ ಸಿಗಲಿಲ್ಲವೆಂದು ಪೆಟ್ಟಿಗೆಯನ್ನೇ ತಿಪ್ಪೆಗೆ ಎಸೆಯುವವನನ್ನು ಯಾರೂ ಜಾಣನೆಂದು ಕರೆಯಲಿಕ್ಕಿಲ್ಲ. ಆದರೆ ಕಂಪ್ಯೂಟರಿನ ವಿಷಯ ಬಂದಾಗ ಓದುಬರಹ ಕಲಿತ ನಾವೇ ದಿನನಿತ್ಯ ಇದನ್ನು ಮಾಡುತ್ತಿದ್ದೇವೆ.

"ಪವರ್‌ಪಾಯಿಂಟಿನ ಹಳೆಯ ಸ್ಲೈಡುಗಳಲ್ಲಿ ಉಳಿಸಿಕೊಳ್ಳುವಂಥದ್ದು ಏನಿದೆ?" ಎಂದು ಕೇಳುವವರುಂಟು. ಪ್ರಶ್ನೆ ಅಯೋಗ್ಯವಾದದ್ದಲ್ಲ. ಅಲ್ಲಿ ಇಲ್ಲಿ ನಕಲು ಮಾಡಿ, ಅಕ್ಷರಗಳನ್ನು ಗಿರಗಿರನೆ ತಿರುಗಿಸಿ, ಕೊನೆಯಲ್ಲಿ ಗುಲಾಬಿ ಹೂವಿನ ಕೆಳಗೆ 'ಧನ್ಯವಾದಗಳು' ಎಂದು ಬರೆದ ಸ್ಲೈಡುಗಳು ಹೋದರೆ ಹೋಗಲಿ. ಅವಕ್ಕಾಗಿ ನಾನು ಕಣ್ಣೀರು ಸುರಿಸಲಾರೆ. ಆದರೆ ಕಲಾ ವಿಭಾಗದ ವಿದ್ಯಾರ್ಥಿಗಳು ಮಾಡಿದ ಇನ್ನೊಂದು ಜಾತಿಯ ಸ್ಲೈಡುಗಳಿವೆ. ಸಮಾಜಶಾಸ್ತ್ರಕ್ಕೂ ಭೂಗೋಲಕ್ಕೂ ಇತಿಹಾಸಕ್ಕೂ ತಮ್ಮ ತಮ್ಮ ಊರನ್ನೇ ವಿಷಯವಾಗಿ ಆರಿಸಿಕೊಂಡು, ಮನೆಮನೆ ತಿರುಗಿ, ಫೋಟೋ ತೆಗೆದು, ಹಿರಿಯರನ್ನು ಮಾತಾಡಿಸಿ ಮಾಡಿದವು ಅವು. ಬೇರೆ ಯಾರೂ ಬರೆದಿಡದ ಸಂಗತಿಗಳು ಅವುಗಳಲ್ಲಿವೆ.

ಜಾಂಬೋಟಿಯ ಕಡೆಯನ್ನೇ ನೋಡಿರಿ. ಬೆಳಗಾವಿಯಿಂದ ಚೋರ್ಲಾ ಘಾಟಿನ ಮೇಲೆ ಗೋವೆಗೆ ಇಳಿಯುವ ದಾರಿಯಲ್ಲಿರುವ ಈ ಊರು ಖಾನಾಪುರ ತಾಲೂಕಿನ ಕಾಡಿನ ಹೆಬ್ಬಾಗಿಲು. ಮುಂದೆ ಹೋದರೆ ಮಲಪ್ರಭೆ ಹುಟ್ಟುವ ಕಣಕುಂಬಿ. ಆಚೆಗೆ ಮಹಾದಾಯಿಯ ಹಳ್ಳಗಳು, ಭೀಮಗಡದ ಬೆಟ್ಟ, ತಳೇವಾಡಿ, ಗವಾಳಿ, ಕೃಷ್ಣಾಪುರ, ಆಮಗಾಂವಗಳಂಥ ಸಣ್ಣ ಸಣ್ಣ ಊರುಗಳು. 2011ರಲ್ಲಿ ಭೀಮಗಡವು ವನ್ಯಜೀವಿಧಾಮವಾಯಿತು. ಮಹಾದಾಯಿಯ ನೀರಿನ ನ್ಯಾಯಾಧಿಕರಣವು 2010ರಲ್ಲಿ ನೇಮಕಗೊಂಡು 2018ರಲ್ಲಿ ತೀರ್ಪು ಕೊಟ್ಟಿತು. ಕಾಡಿನೊಳಗಿನ ಊರುಗಳನ್ನು ಹೊರಗೆ ತರುವ ಮಾತು ವರ್ಷಗಳಿಂದ ನಡೆದಿದೆ. ಹೀಗಿರಲು ಕಾಲುವೆ ಅಗೆಯುವ ಮೊದಲಿನ ಕಳಸಾ ಹಳ್ಳ ಹೇಗಿತ್ತು, ತಳೇವಾಡಿಯಲ್ಲಿ ಎಷ್ಟು ಒಲೆಗಳು ಉರಿಯುತ್ತಿದ್ದವು, ಮಳೆಗಾಲದ ನಾಲ್ಕು ತಿಂಗಳಿಗೆ ಜನರು ಏನೇನು ಕೂಡಿಡುತ್ತಿದ್ದರು ಎಂಬುದನ್ನು ಇನ್ನು ಮೇಲೆ ಹೋಗಿ ಕೇಳುವೆನೆಂದರೆ ಕೇಳಲಿಕ್ಕೆ ಅದೇ ಊರು, ಅದೇ ಹಳ್ಳ ಇರಲಿಕ್ಕಿಲ್ಲ. ಆ ವರ್ಷಗಳಲ್ಲಿ ಅಲ್ಲಿಂದ ಕಾಲೇಜಿಗೆ ಬರುತ್ತಿದ್ದ ಹುಡುಗ ಹುಡುಗಿಯರು ಮಾಡಿದ ಸ್ಲೈಡುಗಳೇ ಕೆಲವು ವಿಷಯಗಳಿಗೆ ಉಳಿದಿರುವ ಸಾಕ್ಷಿ.

ಅಂಥದೊಂದು ಸಾಕ್ಷಿ ಈ ವರ್ಷ ನಮ್ಮ ಕೈಗೆ ಬಂತು. ನಮ್ಮ ತರಗತಿಯ ಗೆಳತಿಯೊಬ್ಬಳ ಚಿಕ್ಕಮ್ಮ 2005ರಲ್ಲಿ ಬಿ.ಎ. ಓದುತ್ತಿದ್ದಾಗ ತಳೇವಾಡಿಯ ಮೇಲೆ ಸೆಮಿನಾರು ಕೊಟ್ಟಿದ್ದರು. ಸಿಡಿಯೊಂದರಲ್ಲಿ ಅದು ಜಾಂಬೋಟಿಯ ಅವರ ಮನೆಯ ಟ್ರಂಕಿನೊಳಗೆ ಇತ್ತು. ಪೇಟೆಯ ಅಂಗಡಿಯವನೊಬ್ಬನಿಗೆ ತೋರಿಸಿದಾಗ ಅವನು ಎರಡು ನಿಮಿಷ ನೋಡಿ "ಫೈಲು ಕರಪ್ಟ್ ಆಗಿದೆ, ಬಿಸಾಕಿರಿ" ಎಂದನಂತೆ. ಕರಪ್ಟ್ ಎಂಬ ಈ ಒಂದು ಮಾತು ಇಂದಿನ ದಿನಗಳಲ್ಲಿ ವೈದ್ಯನಲ್ಲದವನ ಮರಣಪತ್ರದಂತಾಗಿದೆ. ಯಾವ ರೋಗ, ಎಲ್ಲಿ ನೋವು ಎಂದು ಯಾರೂ ವಿಚಾರಿಸುವುದಿಲ್ಲ. ತೆರೆಯುವುದಿಲ್ಲ ಎಂಬುದು ಒಂದೇ ಮಾತಾದರೂ ಅದರ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ. ಅವುಗಳ ಉಪಾಯವೂ ಬೇರೆ ಬೇರೆ.

ಮೊದಲನೆಯದು ತಟ್ಟೆಯ ರೋಗ. ಜಾಂಬೋಟಿಯ ಮಳೆಗಾಲದಲ್ಲಿ ಗೋಡೆಗೆ ತೂಗುಹಾಕಿದ ಚರ್ಮದ ಚೀಲಕ್ಕೂ ಬೂಸರು ಹಿಡಿಯುತ್ತದೆ. ಸಿಡಿಯನ್ನು ಅದು ಬಿಟ್ಟೀತೇ? ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಗುಂಡಗೆ ತಿರುವಿ ಒರೆಸಿದರೆ ಗೀರು ಓದುವ ದಾರಿಯುದ್ದಕ್ಕೂ ಬಿದ್ದು ಇದ್ದದ್ದೂ ಹೋಗುತ್ತದೆ. ಒಂದು ಡ್ರೈವು ಓದದ ತಟ್ಟೆಯನ್ನು ಇನ್ನೊಂದು ಓದುವುದುಂಟು. ನಮ್ಮ ಗೆಳತಿಯ ಸಿಡಿಯನ್ನು ಹೊಸ ಡ್ರೈವು ತಿರಸ್ಕರಿಸಿತು. ಹಳೆಯ ಕಂಪ್ಯೂಟರಿನ ಡ್ರೈವು ಬಹಳ ಹೊತ್ತು ಗೊಣಗಿ ಕೊನೆಗೆ ಓದಿತು. ಓದಿದ ಕೂಡಲೇ ಮಾಡಬೇಕಾದ ಕೆಲಸವೆಂದರೆ ಪ್ರತಿ ತೆಗೆದುಕೊಳ್ಳುವುದು. ತರುವಾಯದ ಪ್ರಯೋಗಗಳೆಲ್ಲ ಪ್ರತಿಯ ಮೇಲೆ, ಮೂಲವನ್ನು ಮುಟ್ಟತಕ್ಕದ್ದಲ್ಲ.

ಎರಡನೆಯದು ಕಾಲದ ರೋಗ. ಪವರ್‌ಪಾಯಿಂಟ್ ಹುಟ್ಟಿದ್ದು 1987ರಲ್ಲಿ, ಮ್ಯಾಕಿಂಟೋಷ್ ಯಂತ್ರಕ್ಕಾಗಿ, ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ. ಅದೇ ವರ್ಷ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. 1990ರಲ್ಲಿ ಅದು ವಿಂಡೋಸಿಗೆ ಬಂತು. 97ರ ಆವೃತ್ತಿಯಲ್ಲಿ ಫೈಲಿನ ಒಳರಚನೆ ಬದಲಾಯಿತು. 2007ರಲ್ಲಿ ಮತ್ತೊಮ್ಮೆ ಬುಡದಿಂದ ಬದಲಾಯಿತು. 2007ರ ಪವರ್‌ಪಾಯಿಂಟ್ 95ರ ಮತ್ತು ಅದಕ್ಕೂ ಹಿಂದಿನ ಫೈಲುಗಳನ್ನು ತೆರೆಯುವುದನ್ನೇ ಬಿಟ್ಟುಬಿಟ್ಟಿತು. ಅಂದರೆ ತಾನೇ ಬರೆದ ಪತ್ರವನ್ನು ತಾನೇ ಓದಲಾರದ ಸ್ಥಿತಿ. ವ್ಯಾಪಾರಿಗಳಿಗೆ ಇದು ಲಾಭದ ಮಾತಾಗಿರಬಹುದು, ನಮಗಲ್ಲ. ಪುಣ್ಯಕ್ಕೆ ನಮ್ಮ ಭಾಗದ ಸ್ಲೈಡುಗಳು ಹೆಚ್ಚಾಗಿ 2000ದ ಈಚಿನವು. ಅವುಗಳ ಪಿಪಿಟಿ ರೂಪವನ್ನು ಇಂದಿನ ಪವರ್‌ಪಾಯಿಂಟೂ ಓದಬಲ್ಲದು. ಅದು ಹಟ ಹಿಡಿದರೆ ಉಚಿತವಾಗಿ ದೊರೆಯುವ ಲಿಬ್ರೆ ಆಫೀಸಿನಲ್ಲಿ ಪ್ರಯತ್ನಿಸಬೇಕು. ದೊಡ್ಡವನು ಕೈಬಿಟ್ಟ ಫೈಲನ್ನು ಈ ಬಡವನು ತೆರೆದು ತೋರಿಸುವ ಪ್ರಸಂಗಗಳುಂಟು. ಇನ್ನೊಂದು ಉಪಾಯವೆಂದರೆ ಹೊಸದಾಗಿ ಖಾಲಿ ಸ್ಲೈಡೊಂದನ್ನು ತೆರೆದು, 'ರೀಯೂಸ್ ಸ್ಲೈಡ್ಸ್' ಎಂಬ ಆಜ್ಞೆಯಿಂದ ಹಳೆಯ ಫೈಲಿನ ಸ್ಲೈಡುಗಳನ್ನು ಒಂದೊಂದಾಗಿ ಒಳಗೆ ಕರೆದುಕೊಳ್ಳುವುದು. ಕೆಟ್ಟುಹೋದ ಒಂದು ಸ್ಲೈಡಿನ ದೆಸೆಯಿಂದ ಇಡೀ ಫೈಲು ನಿಂತಿದ್ದರೆ ಉಳಿದವು ಹೀಗೆ ಬದುಕಿಕೊಳ್ಳುತ್ತವೆ.

2007ರ ಈಚಿನ ಪಿಪಿಟಿಎಕ್ಸ್ ಫೈಲುಗಳ ಗುಟ್ಟು ಇನ್ನೂ ಸ್ವಾರಸ್ಯವಾದದ್ದು. ಅದು ನಿಜವಾಗಿ ಒಂದು ಫೈಲಲ್ಲ, ಅನೇಕ ಫೈಲುಗಳನ್ನು ಕಟ್ಟಿದ ಜಿಪ್ ಗಂಟು. ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದರೆ ಮೊದಲಿಗೆ ಪಿ ಮತ್ತು ಕೆ ಎಂಬ ಎರಡು ಅಕ್ಷರಗಳು ಕಾಣುತ್ತವೆ. ಜಿಪ್ಪಿನ ಕರ್ತೃವಾದ ಫಿಲ್ ಕಾಟ್ಜ್ ಎಂಬಾತನ ಹೆಸರಿನ ಮೊದಲಕ್ಷರಗಳವು. ಪ್ರತಿಯ ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ 'ಮೀಡಿಯಾ' ಎಂಬ ಕೋಣೆಯಲ್ಲಿ ಫೋಟೋಗಳೆಲ್ಲ ಸಾಲಾಗಿ ಕುಳಿತಿರುತ್ತವೆ. ಸ್ಲೈಡು ತೆರೆಯದಿದ್ದರೂ ಚಿತ್ರ ಸಿಕ್ಕಿತು. ಮಿಂಚಂಚೆಯಲ್ಲಿ ಬಂದ ಫೈಲನ್ನು ವಿಂಡೋಸು ಅನುಮಾನದಿಂದ ತಡೆಹಿಡಿದಿರುವುದೂ ಉಂಟು. ಅದರ ಪ್ರಾಪರ್ಟೀಸಿನಲ್ಲಿ 'ಅನ್‌ಬ್ಲಾಕ್' ಎಂಬಲ್ಲಿ ಗುರುತು ಹಾಕಿದರೆ ಸಾಕು. ಕಳಿಸಿದವರು ಗುರುತಿನವರಾದರೆ ಮಾತ್ರ, ಎಂದು ಸೇರಿಸುವುದು ಕ್ಷೇಮ.

ಇವೆಲ್ಲ ಪ್ರಪಂಚಕ್ಕೆಲ್ಲ ಸಾಮಾನ್ಯವಾದ ರೋಗಗಳು. ಕನ್ನಡದ ಸ್ಲೈಡುಗಳಿಗೆ ವಿಶೇಷವಾದ ರೋಗ ಬೇರೆಯೇ ಇದೆ, ಮತ್ತು ಅಂಗಡಿಯವನು ಕರಪ್ಟ್ ಎಂದದ್ದು ಅದನ್ನೇ. ಫೈಲು ತೆರೆಯಿತು, ಫೋಟೋಗಳು ಬಂದವು. ಆದರೆ ಕನ್ನಡವಿರಬೇಕಾದ ಕಡೆಯಲ್ಲೆಲ್ಲ ಆಂಗ್ಲ ಅಕ್ಷರಗಳು, ತಲೆಯ ಮೇಲೆ ಗೆರೆ ಹೊತ್ತ ಎ ಅಕ್ಷರಗಳು, ನಡುನಡುವೆ ಇಂಗ್ಲೆಂಡಿನ ಪೌಂಡ್ ನಾಣ್ಯದ ಚಿಹ್ನೆ! ನೋಡಿದವರಿಗೆ ಹುಚ್ಚರ ಬರಹವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಅದರಲ್ಲಿ ಒಂದಕ್ಷರವೂ ಕೆಟ್ಟಿರಲಿಲ್ಲ.

ಇದರ ಕಾರಣವನ್ನು ಸ್ವಲ್ಪ ವಿವರಿಸಬೇಕು, ಯಾಕೆಂದರೆ ಗಣಕ ವಿಜ್ಞಾನದವರು ಇದನ್ನು ನಮಗೆ ಹೇಳುವುದಿಲ್ಲ, ಕನ್ನಡ ವಿಭಾಗದವರು ತಮ್ಮದಲ್ಲವೆನ್ನುತ್ತಾರೆ. ಆಗಿನ ಕಂಪ್ಯೂಟರಿಗೆ ಕನ್ನಡವೇ ತಿಳಿದಿರಲಿಲ್ಲ. ಆದಕಾರಣ ನಮ್ಮ ತಂತ್ರಜ್ಞರು ಒಂದು ಜಾಣತನ ಮಾಡಿದರು: ಆಂಗ್ಲ ಲಿಪಿಗೆಂದು ಇದ್ದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿದರು. ಕಂಪ್ಯೂಟರು ತಾನು ಆಂಗ್ಲವನ್ನೇ ಬರೆಯುತ್ತಿದ್ದೇನೆಂದು ನಂಬಿತ್ತು. ಪರದೆಯ ಮೇಲೆ ಅದಕ್ಕೆ ಕನ್ನಡದ ವೇಷ ಹಾಕಿಸಿದವನು ಫಾಂಟು. ನುಡಿಯ ಹಳೆಯ ಫಾಂಟಿನಲ್ಲಿ 'ಕ' ಎಂದು ಕಾಣುವುದು ಒಳಗಿನ ಲೆಕ್ಕದಲ್ಲಿ ದೊಡ್ಡ ಪಿ ಮತ್ತು ಗೆರೆಯ ಎ; 'ನ' ಎಂದು ಕಾಣುವುದು ಪೌಂಡಿನ ಚಿಹ್ನೆ ಮತ್ತು ಅದೇ ಗೆರೆಯ ಎ; ನಕಾರದ ಒತ್ತು ಎಂದರೆ ಜರ್ಮನರ ಒಂದು ಅಕ್ಷರ. ಫಾಂಟು ಇರುವ ತನಕ ವೇಷ ಇತ್ತು. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲ, ವೇಷ ಕಳಚಿತು, ಒಳಗಿನ ಪೌಂಡು ಹೊರಗೆ ಬಂತು. ಅಷ್ಟೇ ಕಥೆ.

ಆ ಜಾಣತನವನ್ನು ನಾನು ಹಳಿಯಲಾರೆ. ಕೆ. ಪಿ. ರಾಯರ ಕೀಲಿಮಣೆಯ ಕ್ರಮ, ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ - ಇವು ಇಲ್ಲದಿದ್ದರೆ ಖಾನಾಪುರದಂಥ ಊರಿನ ವಿದ್ಯಾರ್ಥಿನಿ 2005ರಲ್ಲಿ ಕನ್ನಡದ ಸ್ಲೈಡು ಮಾಡುವುದೇ ಸಾಧ್ಯವಿರಲಿಲ್ಲ. ಆಂಗ್ಲದಲ್ಲಿ ನಾಲ್ಕು ತಪ್ಪು ಸಾಲು ಬರೆದು ಸುಮ್ಮನಾಗುತ್ತಿದ್ದಳು. ಆದರೆ 1991ರಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆಗಳು ದೊರೆತಿದ್ದವು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಎಂಬ ಕನ್ನಡ ಫಾಂಟೂ ಬಂದಿತ್ತು. ಯೂನಿಕೋಡಿನಲ್ಲಿ ಸಂಗ್ರಹವಾಗುವುದು ಆಕಾರವಲ್ಲ, ಅಕ್ಷರವೇ. ಫಾಂಟು ಹೋದರೂ 'ಕ' ಎಂಬುದು 'ಕ' ಆಗಿಯೇ ಉಳಿಯುತ್ತದೆ. ಆದಾಗ್ಯೂ ನಮ್ಮ ಕಚೇರಿಗಳೂ ಕಾಲೇಜುಗಳೂ ಡಿಟಿಪಿ ಅಂಗಡಿಗಳೂ ಬಹಳ ವರ್ಷ ಹಳೆಯ ವೇಷಕ್ಕೇ ಅಂಟಿಕೊಂಡಿದ್ದವು. ಇಂದಿಗೂ ಕೆಲವು ಬಿಟ್ಟಿಲ್ಲ. ಆಕ್ಷೇಪಿಸಬೇಕಾದದ್ದು ಇದನ್ನು.

ಉಪಾಯ ಸುಲಭ. ನುಡಿಯ ಹಳೆಯ ಫಾಂಟುಗಳನ್ನು ಸ್ಥಾಪಿಸಿದ ಕೂಡಲೇ ಪೌಂಡುಗಳೆಲ್ಲ ಮಾಯವಾಗಿ ತಳೇವಾಡಿ ಎಂಬ ಶಿರೋನಾಮೆ ಕಾಣಿಸಿತು. ನುಡಿಗೂ ಬರಹಕ್ಕೂ ಒಳಲೆಕ್ಕ ಬಹುಮಟ್ಟಿಗೆ ಒಂದೇ. ಒಂದರ ಬದಲು ಇನ್ನೊಂದು ನಡೆದೀತು. ಶ್ರೀಲಿಪಿಯ ಲೆಕ್ಕ ಬೇರೆ. ಅದಕ್ಕೆ ಅದರ ಫಾಂಟೇ ಬೇಕು. ನಮ್ಮ ಭಾಗದ ಮರಾಠಿ ಸ್ಲೈಡುಗಳಿಗೂ ಇದೇ ರೋಗ, ಇದೇ ಮದ್ದು. ಆದ್ದರಿಂದ ಮೊದಲು ಯಾವ ಫಾಂಟಿನಲ್ಲಿ ಬರೆದದ್ದೆಂದು ಪತ್ತೆ ಹಚ್ಚಬೇಕು. ಅಕ್ಷರದ ಮೇಲೆ ಕರ್ಸರ್ ಇಟ್ಟರೆ ಮೇಲ್ಗಡೆ ಅದರ ಹೆಸರು ಕಾಣುತ್ತದೆ. ಫಾಂಟು ಇಲ್ಲದಿದ್ದರೂ ಹೆಸರು ಉಳಿದಿರುತ್ತದೆ.

ಇಷ್ಟಕ್ಕೇ ನಿಲ್ಲಬಾರದು. ಫಾಂಟು ಹಾಕಿ ಓದಿದರೆ ಇಂದಿನ ಕೆಲಸವಾಯಿತು. ನಾಳೆ ಅದೂ ಸಿಗಲಿಕ್ಕಿಲ್ಲ. ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿಡಬೇಕು. ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ, ಆದರೆ ಅವುಗಳನ್ನು ಕುರುಡಾಗಿ ನಂಬತಕ್ಕದ್ದಲ್ಲ. ಸ್ಲೈಡಿನಲ್ಲಿ ನಡುವೆ ನಿಜವಾದ ಆಂಗ್ಲ ಶಬ್ದವಿದ್ದರೆ ಅದನ್ನೂ ಕನ್ನಡವೆಂದು ತಿಳಿದು ವಿಚಿತ್ರ ಪದ ಮಾಡಿಬಿಡುತ್ತವೆ. ಅರ್ಕಾವತ್ತು ಹಳೆಯ ಫಾಂಟಿನಲ್ಲಿ ಅಕ್ಷರದ ಹಿಂದೆ ಬರುತ್ತಿತ್ತು, ಯೂನಿಕೋಡಿನಲ್ಲಿ ಮುಂದೆ ಬರಬೇಕು. ಆ ಸ್ಥಾನಪಲ್ಲಟದಲ್ಲಿ ಎಡವಟ್ಟಾಗುವುದುಂಟು. ಕನ್ನಡ ಬಲ್ಲವರೊಬ್ಬರು ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಓದಲೇಬೇಕು. ಅದು ಯಂತ್ರದ ಕೆಲಸವಲ್ಲ, ಕಲಾ ವಿದ್ಯಾರ್ಥಿಯ ಕೆಲಸ. ಗ್ರಂಥಸಂಪಾದನೆಯನ್ನು ಪಠ್ಯದಲ್ಲಿ ಓದಿ ಪರೀಕ್ಷೆ ಬರೆಯುವ ನಮಗೆ ಕೈಯಾರೆ ಪಾಠಾಂತರ ನೋಡುವ ಅವಕಾಶ ಇದಕ್ಕಿಂತ ಹತ್ತಿರದಲ್ಲಿ ಸಿಗಲಾರದು.

ಹೀಗೆ ತೆರೆದ ಸ್ಲೈಡುಗಳಲ್ಲಿ ಮನೆಗಳ ಪಟ್ಟಿ ಇತ್ತು, ದನಗಳ ಲೆಕ್ಕವಿತ್ತು, ಮಕ್ಕಳು ಶಾಲೆಗೆ ನಡೆಯುವ ದಾರಿಯ ಕೈಬರಹದ ನಕಾಶೆಯಿತ್ತು, ಬಾರಾಪೇಡೆ ಗುಹೆಯ ಬಾವಲಿಗಳ ಬಗ್ಗೆ ಊರವರು ಹೇಳಿದ ಮಾತಿತ್ತು. ಒಂದು ಸ್ಲೈಡಿನಲ್ಲಿ ಮಾತ್ರ ಕರಿಯ ಚೌಕ. ಅದರ ಕೆಳಗೆ, ಮುದುಕಿಯೊಬ್ಬಳು ಬೀಸುವಾಗ ಹಾಡಿದ ಹಾಡು ಎಂದು ಬರೆದಿತ್ತು. ಒತ್ತಿದರೆ ಏನೂ ಇಲ್ಲ. ಆ ಕಾಲದ ಪವರ್‌ಪಾಯಿಂಟು ವಿಡಿಯೋವನ್ನು ತನ್ನೊಳಗೆ ಇಟ್ಟುಕೊಳ್ಳುತ್ತಿರಲಿಲ್ಲ. ಅದು ಇಂಥ ಜಾಗದಲ್ಲಿದೆ ಎಂಬ ವಿಳಾಸವನ್ನಷ್ಟೇ ಬರೆದುಕೊಳ್ಳುತ್ತಿತ್ತು. 2010ರ ಆವೃತ್ತಿಯಿಂದ ಈಚೆಗೆ ಮಾತ್ರ ವಿಡಿಯೋ ಫೈಲಿನೊಳಗೇ ಸೇರುವುದು ರೂಢಿಯಾಯಿತು. ಸಿಡಿಗೆ ನಕಲು ಮಾಡಿದವರು ಸ್ಲೈಡನ್ನು ಮಾತ್ರ ನಕಲು ಮಾಡಿದ್ದರು. ವಿಳಾಸ ಉಳಿದಿದೆ, ಮನೆ ಇಲ್ಲ. ಈ ರೋಗಕ್ಕೆ ಮಾತ್ರ ಯಾವ ಅಂಗಡಿಯಲ್ಲಿಯೂ ಮದ್ದಿಲ್ಲ. ಚಿಕ್ಕಮ್ಮನವರು ಆ ಕರಿಯ ಚೌಕವನ್ನು ನೋಡಿ, ಹಾಡಿನ ಮೊದಲ ಸಾಲು ನೆನಪಿದೆ, ಮುಂದಿನದು ಬರುವುದಿಲ್ಲ ಎಂದರಂತೆ.

ಈ ದುರವಸ್ಥೆ ನಮ್ಮದೊಂದೇ ಅಲ್ಲ. ಇಂಗ್ಲೆಂಡಿನಲ್ಲಿ 1086ರ ಡೂಮ್ಸ್‌ಡೇ ಪುಸ್ತಕಕ್ಕೆ 900 ವರ್ಷ ತುಂಬಿದಾಗ, 1986ರಲ್ಲಿ, ಬಿಬಿಸಿಯವರು ಶಾಲೆಯ ಮಕ್ಕಳಿಂದ ಹಿಡಿದು ಲಕ್ಷಾಂತರ ಜನರಿಂದ ತಮ್ಮ ತಮ್ಮ ಊರಿನ ವರ್ಣನೆ, ಚಿತ್ರಗಳನ್ನು ಕೂಡಿಸಿ ಲೇಸರ್ ಡಿಸ್ಕುಗಳಲ್ಲಿ ತುಂಬಿದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅವುಗಳನ್ನು ಓದುವ ಯಂತ್ರಗಳೇ ಅಪರೂಪವಾದವು. ವಿಶ್ವವಿದ್ಯಾಲಯದ ತಜ್ಞರು ಶ್ರಮಪಟ್ಟು ಬಿಡಿಸಬೇಕಾಯಿತು. 1086ರ ಪುಸ್ತಕವನ್ನು ಮಾತ್ರ ಇಂದಿಗೂ ಕೈಯಲ್ಲಿ ಹಿಡಿದು ಓದಬಹುದು.

ಅಷ್ಟು ದೂರವೇಕೆ? ನಮ್ಮ ಖಾನಾಪುರ ತಾಲೂಕಿನ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳಿಗೆ ಸುಮಾರು ಒಂದೂವರೆ ಸಾವಿರ ವರ್ಷ. ಫ್ಲೀಟರು ಹತ್ತೊಂಬತ್ತನೆಯ ಶತಮಾನದಲ್ಲಿ ಅವನ್ನು ಓದಿ ಅಚ್ಚು ಮಾಡಿಸಿದರು. ತಾಮ್ರ ಗಟ್ಟಿಯಾಗಿದ್ದುದರಿಂದ ಮಾತ್ರವೇ ಅವು ಉಳಿದವೆಂದು ಹೇಳುವಂತಿಲ್ಲ. ಆ ಲಿಪಿಯನ್ನು ಓದುವ ವಿದ್ಯೆ ಉಳಿದದ್ದರಿಂದ ಅವು ಮಾತಾಡಿದವು. ಅದೇ ತಾಲೂಕಿನ ಹಳೆಯ ಮನೆಗಳಲ್ಲಿ ಮೋಡಿ ಲಿಪಿಯ ಕಾಗದಗಳು ಗಂಟುಗಂಟಾಗಿ ಬಿದ್ದಿವೆ. 1956ರವರೆಗೆ ಈ ಜಿಲ್ಲೆ ಮುಂಬಯಿಗೆ ಸೇರಿತ್ತು. ಹಿಂದಿನ ತಲೆಮಾರುಗಳ ಮರಾಠಿ ಲೆಕ್ಕಪತ್ರ, ಜಮೀನಿನ ಕರಾರುಗಳು ಲೇಖನಿ ಎತ್ತದೆ ಬರೆಯುವ ಆ ಲಿಪಿಯಲ್ಲಿವೆ. ಕಾಗದ ಚೆನ್ನಾಗಿದೆ, ಮಸಿ ಚೆನ್ನಾಗಿದೆ. ಓದುವವರು ಬೆರಳೆಣಿಕೆಯಷ್ಟು ಜನ. ಅಜ್ಜನ ಹೊಲದ ಎಲ್ಲೆ ಯಾವುದೆಂದು ತಿಳಿಯಲು ಮೊಮ್ಮಗನು ಮೋಡಿ ಬಲ್ಲವರನ್ನು ಹುಡುಕಿಕೊಂಡು ಅಲೆಯಬೇಕಾಗಿದೆ. ಮೋಡಿ ಹಳೆಯದಾಗಲು ತಲೆಮಾರುಗಳು ಹಿಡಿದವು. ನುಡಿಯ ಹಳೆಯ ಫಾಂಟಿಗೆ ಇಪ್ಪತ್ತು ವರ್ಷ ಸಾಕಾಯಿತು.

ಪಿಡಿಎಫ್ ಮಾಡಿಟ್ಟರೆ ತೀರಿತಲ್ಲ, ಇಷ್ಟೆಲ್ಲ ಗೊಂದಲವೇಕೆ ಎನ್ನುವ ಮಿತ್ರರಿದ್ದಾರೆ. ಅವರ ಮಾತು ಅರ್ಧ ಸರಿ. ಪಿಡಿಎಫಿನಲ್ಲಿ ಕಣ್ಣಿಗೆ ಕಾಣುವುದು ಉಳಿಯುತ್ತದೆ. ಆದರೆ ಹಳೆಯ ಫಾಂಟಿನ ಬರಹವನ್ನು ಹಾಗೆಯೇ ಪಿಡಿಎಫ್ ಮಾಡಿದರೆ ಒಳಗೆ ಪೌಂಡೇ ಇರುತ್ತದೆ. ಅದರಲ್ಲಿ 'ತಳೇವಾಡಿ' ಎಂದು ಹುಡುಕಿದರೆ ಸಿಗುವುದಿಲ್ಲ. ಮೊದಲು ಯೂನಿಕೋಡು, ಆಮೇಲೆ ಪಿಡಿಎಫ್. ಮೂಲ ಫೈಲೂ ಜೊತೆಗೆ ಇರಲಿ. ವಾಟ್ಸಾಪಿನಲ್ಲಿ ಕಳಿಸಿದ್ದೇನೆ, ಅಲ್ಲಿಯೇ ಇದೆ ಎನ್ನುವವರಿಗೆ, ಫೋನು ಬದಲಾದ ದಿನ ಅದರ ಉತ್ತರ ಸಿಗುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ. ಸೆಮಿನಾರಿನ ಸ್ಲೈಡುಗಳನ್ನು ಯೂನಿಕೋಡಿನಲ್ಲಿ ಮಾಡಿದ್ದರೆ ಮಾತ್ರ ವಿಭಾಗಗಳು ಸ್ವೀಕರಿಸಲಿ. ಫೋಟೋ, ವಿಡಿಯೋ, ಧ್ವನಿಗಳನ್ನು ಅದೇ ಕೋಣೆಯಲ್ಲಿ ಬಿಡಿಯಾಗಿಯೂ ಇಡಲಿ. ಗ್ರಂಥಾಲಯದ ಕಪಾಟಿನಲ್ಲಿ ಹಳೆಯ ಪ್ರಬಂಧಗಳ ಬೆನ್ನಿಗೆ ಅಂಟಿಸಿದ ಸಿಡಿಗಳಿವೆ. ಬರುವ ಮಳೆಗಾಲದೊಳಗೆ ಅವನ್ನೆಲ್ಲ ಒಮ್ಮೆ ಓದಿಸಿ ಪ್ರತಿ ಮಾಡುವ ಕೆಲಸವನ್ನು ಎನ್ನೆಸ್ಸೆಸ್ಸಿನವರಿಗೆ ವಹಿಸಬಹುದು. ಗಿಡ ನೆಟ್ಟು ಫೋಟೋ ತೆಗೆಸಿಕೊಂಡು, ಆ ಫೋಟೋವನ್ನೂ ಮರುವರ್ಷ ಕಳೆದುಕೊಳ್ಳುವುದಕ್ಕಿಂತ ಇದು ಕಡಿಮೆ ಸೇವೆಯಲ್ಲ.

ಪ್ರಯೋಗಶಾಲೆಯ ಹಳೆಯ ಕಂಪ್ಯೂಟರುಗಳನ್ನು ಈ ಬೇಸಿಗೆಯಲ್ಲಿ ವಿಲೇವಾರಿ ಮಾಡುವರೆಂದು ಕೇಳಿದ್ದೇನೆ. ಅವುಗಳಲ್ಲಿ ಒಂದಕ್ಕೆ ಫ್ಲಾಪಿ ಓದುವ ಬಾಯಿ ಇನ್ನೂ ಇದೆ. ಜಾಂಬೋಟಿಯ ಸಿಡಿಯನ್ನು ಗೊಣಗುತ್ತ ಓದಿದ್ದು ಅದರ ಪಕ್ಕದ್ದು. ಈ ಎರಡನ್ನಾದರೂ ಗುಜರಿಯವನ ತಕ್ಕಡಿಗೆ ಹಾಕದೆ ಗ್ರಂಥಾಲಯದ ಮೂಲೆಯಲ್ಲಿ ಇಡಬೇಕು. ಆಮಗಾಂವ, ಗವಾಳಿಗಳ ಕಡೆಯ ಹುಡುಗರು ತಮ್ಮ ಮನೆಯ ಟ್ರಂಕುಗಳನ್ನು ಇನ್ನೂ ನೋಡಿಲ್ಲ.